ಕರೌಸಿಯಸ್‌ನ ಕೆಳಗಿದ್ದ ಮುಖ

ನಾಣ್ಯಗಳನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದು, ಒಂದು ಮುಖದ ಅಡಿಯಲ್ಲಿ ಇನ್ನೊಂದನ್ನು ಹುಡುಕುವುದು ಮ್ಯೂಸಿಯಮ್ಮಿನಲ್ಲಿ ಹಿಲರಿ ಗ್ಯಾರಡ್‌ಳ ಕೆಲಸ. ಮೂರನೇ ಶತಮಾನದಲ್ಲಿ ರೋಮಿಗೆ ತಿರುಗಿಬಿದ್ದು, ಬ್ರಿಟನ್ನಿನಲ್ಲಿ ತಾನೇ ಚಕ್ರವರ್ತಿ ಎಂದು ಕೂತ ಕರೌಸಿಯಸ್‌ಗೆ ಮೊದಮೊದಲು ಹೊಸ ಬಿಲ್ಲೆ ಎರಕ ಹೊಯ್ಯುವ ಪುರುಸೊತ್ತಿರಲಿಲ್ಲ. ಹಿಂದಿನವರ ನಾಣ್ಯಗಳ ಮೇಲೆಯೇ ತನ್ನ ದಪ್ಪ ಕತ್ತಿನ ಮುಖ ಹೊಡೆಸಿದ. ಏಟು ಸರಿಯಾಗಿ ಬೀಳದ ಕಡೆ ಹಳಬರ ಮೂಗೋ, ಸೂರ್ಯಕಿರಣದಂತೆ ಚಾಚಿದ ಕಿರೀಟದ ಮುಳ್ಳೋ, ಹೆಸರಿನ ಬಾಲವೋ ಇಣುಕುತ್ತದೆ. ಅಷ್ಟರಲ್ಲೇ ಆಳಿದವನನ್ನು ಗುರುತಿಸಿ ಅವನ ಹೆಸರಿನ ತಟ್ಟೆಗೆ ಸೇರಿಸುವುದರಲ್ಲಿ ಹಿಲರಿಯದು ಎತ್ತಿದ ಕೈ. ಮ್ಯೂಸಿಯಮ್ಮಿನವರು ಅವಳನ್ನು 'ಸತ್ತವರ ಹಾಜರಿ ತಗೊಳ್ಳೋ ಟೀಚರು' ಎಂದು ಆಡಿಕೊಳ್ಳುತ್ತಿದ್ದರು.

ಆ ವರ್ಷ ಅವಳ ಮೇಜಿಗೆ ಬಂದದ್ದು ಲಿಂಕನ್‌ಶೈರಿನ ಜೌಗು ಸೀಮೆಯ ರೈತ ನೆವಿಲ್ ಲಾರ್ಟರ್‌ನ ಹೊಲದಲ್ಲಿ ಸಿಕ್ಕ, ನಾಣ್ಯ ತುಂಬಿದ ಗಡಿಗೆ. ಅದರ ಕೆಲಸ ಮುಗಿಯುತ್ತ ಬಂದಾಗ, ನವೆಂಬರಿನ ಒಂದು ಮಧ್ಯಾಹ್ನ, ನೆವಿಲ್ ತಾನೇ ಬಂದ. ಕೆಸರಿನ ಬೂಟು, ಕೈಯಲ್ಲಿ ಟೋಪಿ. ಕರವಸ್ತ್ರದ ಗಂಟು ಬಿಚ್ಚಿ ಒಂದು ನಾಣ್ಯ ಮುಂದಿಟ್ಟ.

"ಇದೊಂದು ಕೊಟ್ಟಿರ್ಲಿಲ್ಲ ಮೇಡಂ. ಗಡಿಗೇದಲ್ಲ ಇದು, ಹೊಲದ ಆ ಕೊನೇಲಿ ಸಿಕ್ತು. ನೋಡಿ ಹೇಳಿ, ಅಡೀಲಿರೋದು ಯಾರು ಅಂತ."

ಹಿಲರಿ ಬೆಳಕಿಗೆ ಹಿಡಿದಳು. ಮೇಲೆ ಕರೌಸಿಯಸ್, ಅನುಮಾನವಿಲ್ಲ. ಅವನ ದವಡೆಯ ಕೆಳಗೆ ಇನ್ನೊಂದು ಮುಖದ ಕಿವಿ. ಹಾಲೆ ಹರಿದುಹೋದ ಕಿವಿ.

"ಎರಡನೇ ಏಟಿಗೆ ಕಿವಿ ಹಿಂಗೆ ಕೆಡೋದುಂಟು," ಎಂದಳು.

"ನಮ್ಮಣ್ಣ ರಾಲ್ಫ್‌ದು ಹಿಂಗೇ ಇತ್ತು. ಚಿಕ್ಕೋನಿದ್ದಾಗ ನಾಯಿ ಕಚ್ಚಿತ್ತು." ನೆವಿಲ್ ನಗಲು ನೋಡಿದ, ಆಗಲಿಲ್ಲ. "ನನ್ನ ಹೆಂಡ್ತಿ ಬೆರಿಲ್ ಅಂತಾಳೆ, ನಿನಗೆ ತಲೆ ಕೆಟ್ಟಿದೆ, ಆ ನಾಣ್ಯದ ಮೇಡಂ ಹತ್ರ ಹೋಗು, ಡಾಕ್ಟ್ರ ಫೀಜಾದ್ರೂ ಉಳಿಯತ್ತೆ ಅಂತ."

ಹಿಲರಿ ನಾಣ್ಯವನ್ನು ಇನ್ನಷ್ಟು ಓರೆ ಮಾಡಿದಳು. ಹಣೆ ಕಂಡಿತು, ಮುಳ್ಳಿನ ಕಿರೀಟ ಕಾಣಲಿಲ್ಲ. ಆಮೇಲೆ ಕಣ್ಣು. ರೆಪ್ಪೆ ಮುಚ್ಚಿತ್ತು. ಆ ಕಾಲದ ಎಷ್ಟೋ ಮುಖಗಳನ್ನು ಕಂಡವಳು ಅವಳು. ಕಣ್ಣು ಮುಚ್ಚಿದ ದೊರೆಯನ್ನು ಯಾವ ಅಕ್ಕಸಾಲಿಯೂ ಕೆತ್ತಿರಲಿಲ್ಲ.

"ನಿಮ್ಮಣ್ಣ ಈಗೆಲ್ಲಿದಾರೆ?"

"ಗ್ರಿಮ್ಸ್‌ಬಿಗೆ ಹೋಗಿ ಮೀನಿನ ಹಡಗು ಹತ್ತಿದ ಅಂತಾರೆ. ಅಪ್ಪನ ಹತ್ರ ಜಗಳ ಆಡ್ಕೊಂಡು ಸೈಕಲ್ ಹತ್ತಿ ಹೋದೋನು. ನಲವತ್ತು ವರ್ಷ ಆಯ್ತು. ಒಂದು ಕಾಗದ ಇಲ್ಲ."

ನಾಣ್ಯವನ್ನು ಯಾವ ತಟ್ಟೆಗೂ ಹಾಕದೆ ಹಿಲರಿ ಕೋಟು ತೊಟ್ಟಳು. ಸಿಕ್ಕ ಜಾಗ ನೋಡಬೇಕು ಎಂದಳು. ಅದು ಕೆಲಸದ ಮಾತೇ. ಆದರೆ ಕೆಲಸಕ್ಕಾಗಿ ಹೊರಟದ್ದಲ್ಲ ಎಂದು ಅವಳ ಮನಸ್ಸಿಗೆ ಗೊತ್ತಿತ್ತು.

ಹೊಲದ ಮೇಲೆ ಮಂಜು ಹಾಲಿನ ಕೆನೆಯಂತೆ ಕೂತಿತ್ತು. ದೂರದ ಚರ್ಚಿನ ಗೋಪುರ ಅರ್ಧವೇ ಇತ್ತು. ಕೊನೆಯ ಮೂಲೆಯಲ್ಲಿ ನೆವಿಲ್ ನಿಂತ. ಅಲ್ಲಿ ಕಾಗೆಗಳೂ ಇಳಿದಿರಲಿಲ್ಲ.

"ಇಲ್ಲಿ ಮುಂಚೆ ಆಳದ ಕಾಲುವೆ ಇತ್ತು, ಪಕ್ಕದಲ್ಲೇ ದಾರಿ. ಅಪ್ಪ ಮಣ್ಣು ತುಂಬಿಸಿ ಹೊಲಕ್ಕೆ ಸೇರಿಸಿದ್ರು."

"ಯಾವಾಗ?"

"ರಾಲ್ಫ್ ಹೋದ ಮುಂದಿನ ವಸಂತದಲ್ಲಿ."

"ಅವರು ಹೋದ ದಿನ ಮಂಜಿತ್ತಾ?"

ನೆವಿಲ್ ಟೋಪಿ ತೆಗೆದ. "ಕೈ ಚಾಚಿದ್ರೆ ಕೈ ಕಾಣ್ತಿರ್ಲಿಲ್ಲ," ಎಂದ.

ಪೊಲೀಸರನ್ನು ಕರೆದವಳು ಹಿಲರಿಯೇ. ನಾಣ್ಯದ ಮಾತನ್ನು ಅವರಿಗೆ ಹೇಳಲಿಲ್ಲ. ಮಣ್ಣು ತುಂಬಿಸಿದ ಕಾಲುವೆ, ಕಾಣೆಯಾದ ಮನುಷ್ಯ, ಅಷ್ಟೇ ಹೇಳಿದಳು. ಅಗೆದಾಗ ಮೊದಲು ಸಿಕ್ಕಿದ್ದು ಸೈಕಲಿನ ಹ್ಯಾಂಡಲು. ಅದರ ಕೆಳಗೆ ರಾಲ್ಫ್, ಒಂದು ಮಗ್ಗುಲಾಗಿ. ಯಾರೂ ಕೊಂದದ್ದಲ್ಲ. ಮಂಜಿನಲ್ಲಿ ದಾರಿ ತಪ್ಪಿ ನೀರಿಗೆ ಬಿದ್ದಿದ್ದ. ತಂದೆ ಅರಿಯದೆ ಮಗನ ಮೇಲೆ ಮಣ್ಣು ಎಳೆಸಿದ್ದ. ಬದುಕಿರುವವರೆಗೂ ಆ ಮಗನನ್ನು ಕೃತಘ್ನ ಎಂದೇ ಬೈದಿದ್ದ.

ಮರುದಿನ ಹಿಲರಿ ನಾಣ್ಯವನ್ನು ಮತ್ತೆ ಕಿಟಕಿಗೆ ಹಿಡಿದಳು. ದವಡೆಯ ಕೆಳಗೆ ಕೊಕ್ಕೆ ಮೂಗು, ಗಡ್ಡ, ಮುಳ್ಳಿನ ಕಿರೀಟ, ಅಗಲ ತೆರೆದ ಕಣ್ಣು. ಅಂಚಿನಲ್ಲಿ ಹೆಸರಿನ ಕೊನೆಯ ಅಕ್ಷರಗಳೂ ಓದಲು ಬಂದವು: ವಿಕ್ಟೋರಿನಸ್. ಕರೌಸಿಯಸ್‌ಗಿಂತ ಮುಂಚಿನ ದೊರೆ, ಇಂಥ ನಾಣ್ಯಗಳ ಅಡಿಯಲ್ಲಿ ಮಾಮೂಲಾಗಿ ಸಿಗುವವನು. ಕಿವಿ ಪೂರ್ತಿ ಇತ್ತು. ನಾಣ್ಯವನ್ನು ವಿಕ್ಟೋರಿನಸ್‌ನ ತಟ್ಟೆಗೆ ಹಾಕಿದಳು. ಯಾರಿಗೂ ಹೇಳಲಿಲ್ಲ.

ಮಣ್ಣು ಮಾಡುವ ದಿನ ಹಿಲರಿಯೂ ಹೋದಳು. ಎಲ್ಲ ಮುಗಿದು ಬೆರಿಲ್ ಚಹಾ ಕೊಡುತ್ತಿದ್ದಾಗ ನೆವಿಲ್ ಹಿಲರಿಯ ಪಕ್ಕ ಬಂದು ಕೂತ.

"ಅಪ್ಪಂಗೆ ಆ ಮೂಲೆ ಅಂದ್ರೆ ಬಲು ಹೆಮ್ಮೆ," ಎಂದ. "ಆಲೂಗಡ್ಡೆ ಅಲ್ಲಿ ಬಂದಂಗೆ ಎಲ್ಲೂ ಬರ್ತಿರ್ಲಿಲ್ಲ. ಮನೆಗೆ ಅಂತ ಯಾವಾಗಲೂ ಅಲ್ಲಿಂದನೇ ಕಿತ್ಕೊಂಡು ಬರ್ತಿದ್ವಿ."

ಹಿಲರಿ ಅವನ ತೋಳಿನ ಮೇಲೆ ಕೈಯಿಟ್ಟಳು. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ.