ಅಂಟಿಸಿದ ಕೊನೆಯ ಪುಟ

ಚಿಕ್ಕಮ್ಮ ಅಂಟಿಸಿದ ಡಬ್ಬಿ ಬಿಟ್ಟುಕೊಂಡ ಚರಿತ್ರೆಯೇ ಇರಲಿಲ್ಲ. ಚಪ್ಪಲಿ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮಾಡಿಕೊಡುವುದು ಅವಳ ಕೆಲಸ. ಮೈದಾ ಹಿಟ್ಟನ್ನು ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವಿ, ಬೆರಳಿಗೆ ಎಳೆ ಬರುವ ಹದದಲ್ಲಿ ಇಳಿಸುತ್ತಿದ್ದಳು. ಮೂಲೆ ಮಡಿಸಿ, ಅಂಟು ಸವರಿ, ಮೇಲೆ ಹಳೆಯ ಇಸ್ತ್ರಿಪೆಟ್ಟಿಗೆ ಹೇರಿಟ್ಟರೆ ಮುಗಿಯಿತು. ರಟ್ಟು ಹರಿದರೂ ಹರಿದೀತು, ಅಂಟು ಬಿಡದು. ಮಾತಿನಲ್ಲಿ ಹಿಂದೆ, ಕೈಯಲ್ಲಿ ಮುಂದೆ ಎಂದು ಅವಳ ಅಮ್ಮ ಬಂದವರ ಮುಂದೆ ಹೇಳುತ್ತಿದ್ದಳು. ಯಾರಾದರೂ ಬಾಗಿಲಿಗೆ ಬಂದರೆ ಸಾಕು, ಡಬ್ಬಿಗಳ ರಾಶಿಯ ಹಿಂದೆ ಸರಿದು ಕೂರುವ ಮಗಳನ್ನು ಹೊಗಳಲು ಆ ತಾಯಿಗೆ ಸಿಗುತ್ತಿದ್ದದ್ದು ಅದೊಂದೇ.

ಅವಳು ಮನೆಮಂದಿಗೆಲ್ಲ ಚಿಕ್ಕಮ್ಮನಾದದ್ದು ಅಕ್ಕನ ಮಗನಿಂದ. ಅಕ್ಕ ಲಾರಿ ಡ್ರೈವರ್. ಮಗು ಹೊಟ್ಟೆಯಲ್ಲಿದ್ದಾಗಲೇ ಅದರ ಅಪ್ಪ ಬೇರೆ ದಾರಿ ಹಿಡಿದಿದ್ದ. ಅಕ್ಕ ಸ್ಟೇರಿಂಗ್ ಹಿಡಿದಳು. ಹಾಲು ಬಿಡಿಸಿದ ಮೇಲೆ ಮಗುವನ್ನು ತಂಗಿಯ ಮಡಿಲಿಗೆ ಹಾಕಿ ದೂರದ ಲೋಡಿಗೆ ಹೊರಟವಳು, ಆಮೇಲೆ ಬಂದದ್ದೆಲ್ಲ ನೆಂಟರ ಹಾಗೆ. ಬಂದ ದಿನ ಊಟ, ಕೊರಡಿನಂಥ ನಿದ್ದೆ. ಎದ್ದರೆ ಮತ್ತೆ ಕೈಯಲ್ಲಿ ಗಾಡಿಯ ಬೀಗದ ಕೈ.

ಹುಡುಗನಿಗೆ ಲಾರಿಯ ಹುಚ್ಚು ರಕ್ತದಲ್ಲೇ ಬಂದಿತ್ತು. ಸೌಟು ಅವನ ಗೇರು, ತಟ್ಟೆ ಸ್ಟೇರಿಂಗು, ಬಗ್ಗಿ ನೆಲ ಒರೆಸುವ ಅಜ್ಜಿಯ ಬೆನ್ನು ಏರುದಾರಿ. ಅಜ್ಜಿ ಅವನನ್ನು ಲಾರಿರಾಯ ಎಂದು ಕರೆದಳು. ಅದೇ ನಿಂತಿತು.

ಒಮ್ಮೆ ಅಕ್ಕ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಿಂದ ಒಂದು ಚಿತ್ರದ ಪುಸ್ತಕ ತಂದಳು. ಮಲಗಿಸುವ ಹೊತ್ತಿಗೆ ಓದುವಂಥದ್ದು. ಅದರಲ್ಲಿ ಕ್ರೇನು ಕತ್ತು ಇಳಿಸುತ್ತದೆ, ಬುಲ್ಡೋಜರು ಹಲ್ಲು ತೊಳೆದುಕೊಳ್ಳುತ್ತದೆ, ಸಿಮೆಂಟು ಕಲಸುವ ಲಾರಿ ತಿರುಗಿ ತಿರುಗಿ ಸುಸ್ತಾದ ಹೊಟ್ಟೆಯನ್ನು ನಿಲ್ಲಿಸುತ್ತದೆ. ಕೆಂಪು ಲಾರಿಗೆ ಮಾತ್ರ ಇನ್ನೂ ದಾರಿ ಉಳಿದಿದೆ. ಅದು ರಸ್ತೆಯ ಬದಿಯಲ್ಲೇ ಚಂದ್ರನ ಕೆಳಗೆ ಕಣ್ಣು ಮುಚ್ಚುತ್ತದೆ. ಹಾಳೆ ತಿರುಗಿಸಿದರೆ ಬೆಳಗು. ಎಡದ ಪುಟದಲ್ಲಿ ಡ್ರೈವರು ಲಾರಿಯಿಂದ ಇಳಿಯುತ್ತಿದ್ದಾನೆ, ಬಲದ ಪುಟದಲ್ಲಿ ಮನೆಯೊಳಗಿಂದ ಒಂದು ಮಗು ಕೈ ಚಾಚಿ ಓಡಿಬರುತ್ತಿದೆ.

ಶಾಲೆ ಅರ್ಧಕ್ಕೇ ಬಿಟ್ಟಿದ್ದ ಚಿಕ್ಕಮ್ಮ ಮೊದಮೊದಲು ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಸ್ವಲ್ಪ ದಿನಕ್ಕೆ ಪುಸ್ತಕ ಬಾಯಿಪಾಠವಾಯಿತು. ಹೊರಗಿನವರ ಮುಂದೆ ಹೊರಡದ ದನಿ ಮಲಗುವ ಚಾಪೆಯ ಮೇಲೆ ಕ್ರೇನಿಗೊಂದು, ಬುಲ್ಡೋಜರಿಗೊಂದು ಬಣ್ಣ ತಳೆಯುತ್ತಿತ್ತು.

ತೊಂದರೆ ಇದ್ದದ್ದು ಕೊನೆಯ ಚಿತ್ರದಲ್ಲಿ. ಅದನ್ನು ಕಂಡೊಡನೆ ಹುಡುಗ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಬೀದಿಯಲ್ಲಿ ಯಾವುದೋ ಗಾಡಿ ಗುಡುಗಿದರೆ ಚಿಲಕಕ್ಕೆ ಎಟುಕಲು ಸ್ಟೂಲು ಎಳೆಯುತ್ತಿದ್ದ. "ಬಾರೋ ಲಾರಿರಾಯ, ಅದು ಕಸದ ಲಾರಿ" ಎಂದು ಅಜ್ಜಿ ಮಲಗಿದಲ್ಲಿಂದಲೇ ಕೂಗುವಳು. ಗಾಡಿ ದಾಟಿ ಹೋದ ಮೇಲೆ ಅಳು ಶುರು. ಬಿಕ್ಕಳಿಕೆ ಹತ್ತಿ, ಉಂಡದ್ದೆಲ್ಲ ಕಕ್ಕುವವರೆಗೆ ಅಳು.

ಒಂದು ಮಧ್ಯಾಹ್ನ ಚಿಕ್ಕಮ್ಮ ಡಬ್ಬಿಗಳಿಗೆ ಸವರಿ ಉಳಿದ ಅಂಟನ್ನು ಆ ಎದುರುಬದುರು ಪುಟಗಳಿಗೆ ಸವರಿದಳು. ಇಸ್ತ್ರಿಪೆಟ್ಟಿಗೆ ಹೇರಿದಳು. ಅಂದಿನಿಂದ ಪುಸ್ತಕ ಚಂದ್ರನಲ್ಲಿ ಮುಗಿಯಿತು. ಹುಡುಗ ಎರಡು ದಿನ ಹುಡುಕಿದ, ಮೂರನೆಯ ದಿನ ಮರೆತ. ಮಗ್ಗುಲಾಗಿ, ಒಂದು ಕಾಲನ್ನು ಚಿಕ್ಕಮ್ಮನ ಹೊಟ್ಟೆಯ ಮೇಲೆ ಹಾಕಿ ನಿದ್ದೆ ಹೋದ. ಆ ಪುಟ್ಟ ಕಾಲಿನ ಭಾರಕ್ಕೆ ಅವಳು ಉಸಿರನ್ನೂ ಸಣ್ಣದಾಗಿ ಬಿಡುತ್ತಿದ್ದಳು. ಅಕ್ಕ ಫೋನು ಮಾಡಿದರೆ ಅವನು ಈಗ ಕೇಳುತ್ತಿದ್ದದ್ದು ಲಾರಿ ಡೀಸೆಲ್ ಕುಡಿಯಿತೇ ಎಂದು ಮಾತ್ರ. ಯಾವಾಗ ಬರ್ತೀಯ ಎಂಬ ಮಾತು ಅವನ ಬಾಯಿಂದ ಉದುರಿಹೋಗಿತ್ತು. ಚಿಕ್ಕಮ್ಮನಿಗೆ ಅದು ತಿಳಿದಿತ್ತು. ತಿಳಿದೂ ಸುಮ್ಮನಿದ್ದಳು.

ಹೀಗಿರುವಾಗ ಅಕ್ಕ ಹಾಲಿನ ಟ್ಯಾಂಕರ್ ತಂದು ಬೀದಿಯ ಕೊನೆಗೆ ನಿಲ್ಲಿಸಿದಳು. ಡೈರಿಯಲ್ಲಿ ಕೆಲಸ ಸಿಕ್ಕಿತ್ತು. ಬೆಳಗ್ಗೆ ಹೋದರೆ ಸಂಜೆಗೆ ವಾಪಸು. ಇರಲು ಒಂದು ಕೋಣೆ, ಪಕ್ಕದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಮಗನನ್ನು ಕರೆದೊಯ್ಯಲು ಬಂದಿದ್ದಳು. ಅಷ್ಟು ಪುಟ್ಟದನ್ನು ಹೊಸ ಜಾಗಕ್ಕೆ ಹೇಗೆ ಒಯ್ಯುವುದು ಎಂದು ಅಜ್ಜಿ ರಾಗ ಎಳೆದಾಗ ಅಕ್ಕ ನಕ್ಕಳು. "ಅವನಾಗಿ ಬಂದ್ರೆ ಕರ್ಕೊಂಡು ಹೋಗ್ತೀನಮ್ಮ. ಅಳಿಸಿ ಎತ್ತಿ ಹಾಕ್ಕೊಂಡು ಹೋಗೋಕೆ ಅವನೇನು ಲೋಡಾ? ಬರಲ್ಲ ಅಂದ್ರೆ ದೊಡ್ಡವನಾಗೋ ತನಕ ಇಲ್ಲೇ ಇರ್ಲಿ."

ಆ ಮಾತು ಕೇಳಿ ಚಿಕ್ಕಮ್ಮನ ಕೈಯಲ್ಲಿದ್ದ ರಟ್ಟು ಅಲ್ಲೇ ನಿಂತಿತು. ತಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ.

ಹುಡುಗ ಟ್ಯಾಂಕರಿನ ಚಕ್ರಗಳನ್ನೆಲ್ಲ ಮುಟ್ಟಿ ನೋಡಿದ, ಹಾರ್ನ್ ಒತ್ತಿದ, ಅಮ್ಮನ ತೊಡೆಯ ಮೇಲೆ ಮಾತ್ರ ಕೂರಲಿಲ್ಲ. ಸಂಜೆ ಊಟವಾದ ಮೇಲೆ ಅಕ್ಕ ಪುಸ್ತಕ ಹಿಡಿದು ಚಾಪೆಗೆ ಬಂದಳು. ಡಬ್ಬಿಗಳ ಮರೆಯಲ್ಲಿ ಕೂತ ಚಿಕ್ಕಮ್ಮನಿಗೆ ಒಂದೊಂದು ಪದವೂ ಕೇಳುತ್ತಿತ್ತು. ಅಕ್ಕನ ಕ್ರೇನಿಗೂ ಬುಲ್ಡೋಜರಿಗೂ ಒಂದೇ ದನಿ. ಚಂದ್ರನ ಪುಟಕ್ಕೆ ಬಂದಾಗ ಹುಡುಗ ಪುಸ್ತಕ ಮುಚ್ಚಿದ. "ಮುಗೀತು."

ಇನ್ನೊಂದು ಇದೆ ಎಂದಳು ಅಕ್ಕ. ಆ ಚಿತ್ರ ನೋಡಿಯೇ ಈ ಪುಸ್ತಕ ಕೊಂಡದ್ದು ಎಂದಳು.

"ಇಲ್ಲ. ಲಾರಿ ರೋಡಲ್ಲೇ ಮಲಗುತ್ತೆ. ಮನೆಗೆ ಬರಲ್ಲ."

ಅಕ್ಕ ಮತ್ತೆ ಪುಸ್ತಕ ಬಿಡಿಸಿದಳು. ಟೈರಿನ ತೇಪೆಯನ್ನು ಕತ್ತಲಲ್ಲೂ ಬೆರಳಿನಿಂದ ಪತ್ತೆ ಹಚ್ಚುವವಳು. ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದಳು, ದಪ್ಪ ಸಿಕ್ಕಿತು. ಪುಸ್ತಕ ಮಡಿಸಿ ಪಕ್ಕಕ್ಕಿಟ್ಟಳು. ಹುಡುಗ ಎದ್ದು ಬಂದು ಚಿಕ್ಕಮ್ಮನ ಮಡಿಲಲ್ಲಿ ಮುಖ ಹುದುಗಿಸಿದ.

ಅವನು ನಿದ್ದೆ ಹೋದ ಮೇಲೆ ಅಕ್ಕ ಅಡುಗೆಮನೆಗೆ ಬಂದಳು. ಪಾತ್ರೆ ಉಜ್ಜುತ್ತಿದ್ದ ತಂಗಿಯ ಪಕ್ಕ ನಿಂತು, ತೊಳೆದದ್ದನ್ನು ಒಂದೊಂದಾಗಿ ಒರೆಸಿಟ್ಟಳು.

"ಅಂಟಿಸಿದ್ದು ನೀನೇ ತಾನೆ?"

"ತುಂಬ ಅಳ್ತಿದ್ದ."

"ಅವನು ಅಳಬಾರದು ಅಂತ ಅಂಟಿಸಿದ್ಯೋ, ನಾನು ಬರಬಾರದು ಅಂತಲೋ?"

ಚಿಕ್ಕಮ್ಮ ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು. ಮೊದಲನೆಯದು ನಿಜ ಎನ್ನಲು ಬಾಯಿ ತೆರೆದಳು; ಹೊಟ್ಟೆಯ ಮೇಲಿನ ಆ ಕಾಲಿನ ಭಾರ ನೆನಪಾಗಿ ಬಾಯಿ ಮುಚ್ಚಿದಳು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬೆಳಗ್ಗೆ ಒಬ್ಬಳೇ ಹೊರಡುತ್ತೇನೆ, ಅವನು ನಿನ್ನ ಕೈಯಲ್ಲಿ ಚೆನ್ನಾಗಿಯೇ ಇದ್ದಾನೆ ಎಂದು ಹೇಳಿ, ಕೈ ಒರೆಸಿಕೊಂಡು ಹೋಗಿ ಮಲಗಿದಳು. ಆದರೆ ಆ ಕೊರಡಿನ ನಿದ್ದೆ ಅವತ್ತು ಬರಲಿಲ್ಲವೆಂಬುದು ಮಗ್ಗುಲು ಬದಲಿಸುವ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ಬೆಳಗಾಗುತ್ತಲೇ ಚಿಕ್ಕಮ್ಮ ನೀರು ಕಾಯಲಿಟ್ಟು, ಪುಸ್ತಕವನ್ನು ಹಬೆಗೆ ಹಿಡಿದಳು. ಅಂಚು ಮೆತ್ತಗಾದಾಗ ರಟ್ಟು ಕೊಯ್ಯುವ ಅಲಗನ್ನು ಮೆಲ್ಲಗೆ ತೂರಿಸಿದಳು. ಅಂಟಿಸುವುದನ್ನು ಕಲಿತವಳು, ಬಿಡಿಸುವುದನ್ನು ಯಾವತ್ತೂ ಕಲಿತಿರಲಿಲ್ಲ. ಹಾಳೆ ಒಂದೊಂದೇ ಎಳೆಯಾಗಿ ಬಿಟ್ಟುಕೊಂಡಿತು. ಮಗು ಉಳಿಯಿತು, ಕೆಂಪು ಲಾರಿ ಉಳಿಯಿತು. ಡ್ರೈವರನ ಮುಖ ಮಾತ್ರ ಸಿಪ್ಪೆಯಂತೆ ಕಿತ್ತುಬಂದು, ಎದುರು ಪುಟಕ್ಕೆ ಬೆನ್ನು ಮೇಲಾಗಿ ಅಂಟಿ ಕೂತಿತು. ಮುಖವಿದ್ದಲ್ಲಿ ಬರಿ ಬಿಳಿ.

ಹೊರಗೆ ಅಕ್ಕ ಟೈರುಗಳಿಗೆ ಸಲಾಕೆಯಿಂದ ತಟ್ಟಿ ಗಾಳಿ ನೋಡುತ್ತಿದ್ದಳು. ಚಿಕ್ಕಮ್ಮ ಹುಡುಗನನ್ನು ಹೊಸ್ತಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ಬಿಡಿಸಿದಳು. ಅವನು ಹುಬ್ಬು ಗಂಟಿಕ್ಕಿದ. ಇದು ನಮ್ಮ ಪುಸ್ತಕದಲ್ಲಿಲ್ಲ ಎಂದ.

"ಇದೆ. ನಾನೇ ಅಂಟಿಸಿಬಿಟ್ಟಿದ್ದೆ. ಆಗ ನೀನು ಚಿಕ್ಕವನಿದ್ದೆ."

"ಈಗ ದೊಡ್ಡವನಾ?"

"ಹೂಂ."

ಅವಳು ಓದಿದಳು. ಹರಿದುಹೋದ ಅಕ್ಷರಗಳನ್ನೂ ಓದಿದಳು, ಬಾಯಿಪಾಠವಿತ್ತಲ್ಲ. ಕೆಂಪು ಲಾರಿಗೆ ಇಟ್ಟುಕೊಂಡಿದ್ದ ಅದೇ ದನಿಯಲ್ಲಿ, ದಾರಿ ಮುಗಿಯಿತು, ಮನೆ ಬಂತು, ಬಾ ಮಗು ಬಾ ಎಂದು ಓದಿದಳು. ಚಿಕ್ಕಮ್ಮ ಓದಿದ ಮೇಲೆ ಅದು ಇಲ್ಲ ಎನ್ನಲು ಅವನಿಗೆ ಆಗಲಿಲ್ಲ. ಬಿಳಿಯ ಮುಖದ ಮೇಲೆ ಬೆರಳಿಟ್ಟ, ತಲೆ ಎತ್ತಿ ಬೀದಿಯ ಕೊನೆಯತ್ತ ನೋಡಿದ. ಮತ್ತೆ ಚಿತ್ರದ ಮೇಲೆ ಬಗ್ಗಿ ಮನೆಯ ಬಾಗಿಲು, ಕಿಟಕಿ ಎಲ್ಲ ಹುಡುಕಿದ.

"ಚಿಕ್ಕಮ್ಮ ಎಲ್ಲಿದ್ದಾಳೆ?"

"ಎಷ್ಟು ಜನ ಇದ್ದಾರೆ, ಎಣಿಸು."

"ಇಬ್ರು."

"ಅಷ್ಟೇ ಕಣೋ."

ಅವನು ಪುಸ್ತಕವನ್ನು ಎದೆಗವಚಿಕೊಂಡು ಇಳಿದ. ಮೊದಲು ನಡೆದ, ಅರ್ಧ ದಾರಿಯಲ್ಲಿ ಒಮ್ಮೆ ತಿರುಗಿದ. ಚಿಕ್ಕಮ್ಮ ಹೋಗು ಎಂದು ತಲೆಯಾಡಿಸಿದಳು. ಆಮೇಲೆ ಓಡಿದ. ಅಕ್ಕನ ಕೈಯಿಂದ ಸಲಾಕೆ ಬಿದ್ದ ಸದ್ದು ಹೊಸ್ತಿಲವರೆಗೆ ಕೇಳಿಸಿತು.

ಇಬ್ಬರನ್ನೂ ಹೊತ್ತು ಟ್ಯಾಂಕರ್ ಹೊರಟುಹೋದ ಮೇಲೆ, ಅವತ್ತು ಸಂಜೆಯವರೆಗೂ ಚಿಕ್ಕಮ್ಮ ತಲೆ ಎತ್ತದೆ ಡಬ್ಬಿ ಅಂಟಿಸಿದಳು. ದೀಪ ಹಾಕುವ ಹೊತ್ತಿಗೆ ಬೀದಿಯಲ್ಲಿ ಭಾರದ ಗಾಡಿಯೊಂದು ಗುಡುಗಿತು. ಅವಳು ಎದ್ದು ಹೋಗಿ, ಅಂಟಿನ ಕೈಯಲ್ಲೇ ಚಿಲಕ ಹಿಡಿದು ನಿಂತಳು.

"ಬಾರೇ," ಎಂದಳು ಅಜ್ಜಿ ಮಲಗಿದಲ್ಲಿಂದ, "ಅದು ಕಸದ ಲಾರಿ."