ಗಂಟುಮುಖ

"ಇದು ಮದುವೆ ಫೋಟೋನಾ ಸಾರ್, ಇಲ್ಲ ಪೊಲೀಸ್ ಸ್ಟೇಷನ್ನಲ್ಲಿ ಹಿಡಿದು ಕೂರಿಸಿ ತೆಗೆದಿದ್ದಾ?"

ಮದುಮಗ ಫೋಟೋಗಳನ್ನು ಕೌಂಟರಿನ ಮೇಲೆ ಹರಡಿದ. ಪಕ್ಕದಲ್ಲಿ ನಿಂತ ಹೊಸ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಈ ಹುಡುಗಿಗೆ ನಗಲು ಬರುವುದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಆದರೆ ಫೋಟೋದಲ್ಲಿ ಮಾತ್ರ ಇಬ್ಬರೂ ಹರಳೆಣ್ಣೆ ಕುಡಿದವರ ಹಾಗೆ ಕೂತಿದ್ದರು.

"ಇನ್ನೊಂದ್ಸಲ ತೆಗೆದುಕೊಡ್ತೀನಿ," ಎಂದ ಸ್ಟುಡಿಯೋದವನು.

"ನೀವು ಹೀಗೆ ದುರುಗುಟ್ಟಿಕೊಂಡು ನಿಂತ್ರೆ ನಮಗೆ ನಗು ಎಲ್ಲಿಂದ ಬರ್ಬೇಕು ಸಾರ್?"

ಪರದೆಯ ಹಿಂದೆ ಕಂಪ್ಯೂಟರಿನ ಮುಂದೆ ಕೂತಿದ್ದ ಅವನ ಹೆಂಡತಿಗೆ ಇದೆಲ್ಲ ಕೇಳಿಸುತ್ತಿತ್ತು. ಊರವರ ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು ಅವಳ ಕೆಲಸ. ಬರಬರುತ್ತ ಕಂಪ್ಯೂಟರಿಗೆ ಬರುವ ಮುಖಗಳೆಲ್ಲ ಬಿಗಿದುಕೊಂಡಿರುವುದನ್ನು ಅವಳು ಎಂದೋ ಗಮನಿಸಿದ್ದಳು. ಕಾರಣವೂ ಗೊತ್ತಿತ್ತು. ಈ ಸ್ಟುಡಿಯೋದಲ್ಲಿ 'ಸ್ವಲ್ಪ ನಗಿ' ಎಂದು ಹೇಳುವ ಪದ್ಧತಿಯೇ ಇರಲಿಲ್ಲ. ಮೊದಲೆಲ್ಲ ಗಂಡ ಕ್ಯಾಮೆರಾದ ಪಕ್ಕಕ್ಕೆ ತಲೆ ಹಾಕಿ ತಾನೇ ನಗುತ್ತಿದ್ದ. ಎದುರಿದ್ದವರು, ಎಂಥ ಸಿಡುಕರಾದರೂ, ತಮಗೆ ಗೊತ್ತಿಲ್ಲದಂತೆ ನಕ್ಕುಬಿಡುತ್ತಿದ್ದರು. ಬೀದಿಯ ಮಕ್ಕಳು ಅವನಿಗೆ ನಗೆಮಾಮ ಎಂದೇ ಹೆಸರಿಟ್ಟಿದ್ದವು. ಈಗಲೂ ಜನ ಅವನ ಮುಖ ನೋಡಿಯೇ ತಮ್ಮ ಮುಖ ಮಾಡಿಕೊಳ್ಳುತ್ತಿದ್ದರು. ತೊಂದರೆ ಬಂದಿದ್ದೇ ಅಲ್ಲಿ.

ತಪ್ಪು ತನ್ನದೇ ಎಂದು ಅವಳು ಖಚಿತವಾಗಿ ನಂಬಿದ್ದಳು. ಗಂಡನ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಯಾವುದೋ ಮಾತಿಗೆ ಮಾತು ಬೆಳೆದು, "ಅತ್ತಿಗೆ, ನಿಮ್ಮ ತಮ್ಮ ಊರಿಗೆಲ್ಲ ಹಲ್ಲು ಕಿರಿಯೋದು ಬಿಟ್ರೆ ಇನ್ನೇನು ಸಾಧಿಸಿದ್ದಾರೆ ಹೇಳಿ," ಎಂದುಬಿಟ್ಟಿದ್ದಳು. ಎಲ್ಲರೂ ಗೊಳ್ಳೆಂದಿದ್ದರು. ಅವನೂ ನಕ್ಕಿದ್ದ. ಅವಳಿಗೆ ನೆನಪಿದ್ದಂತೆ ಅದೇ ಅವನ ಕೊನೆಯ ನಗು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಇವರು ಉಂಡರು, ಮಲಗಿದರು, ಎದ್ದರು, ಮತ್ತೆ ಉಂಡರು. ಅವನ ಮುಖದ ಗಂಟು ಬಿಚ್ಚಲಿಲ್ಲ. "ಕೋಪಾನಾ?" ಎಂದು ಕೇಳಿದರೆ, "ಇಲ್ಲ ಕಣೇ," ಎನ್ನುತ್ತಿದ್ದ, ಅದೇ ಮುಖದಲ್ಲಿ, ಇಳಿದ ದನಿಯಲ್ಲಿ. ಅದನ್ನು ಯಾರು ನಂಬುತ್ತಾರೆ? ಅವಳು ಗೋಗರೆದಳು, ಬೈದಳು, ಅವನಿಗಿಷ್ಟದ ಅಡುಗೆ ಮಾಡಿಟ್ಟಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ತಂಗಿಗೆ ಫೋನ್ ಮಾಡಿ, "ಗೋಡೆ ಜೊತೆ ಸಂಸಾರ ಮಾಡಿ ಸಾಕಾಯ್ತು ಕಣೇ. ನಿನ್ನ ಹತ್ರಾನೇ ಬಂದಿದ್ದುಬಿಡ್ತೀನಿ. ಇವರು ಭುಜ ನೋವು ಅಂತ ಒದ್ದಾಡ್ತಿದ್ದಾರೆ, ಅದನ್ನೊಂದು ಡಾಕ್ಟರಿಗೆ ತೋರಿಸಿಬಿಟ್ರೆ ನನ್ನ ಜವಾಬ್ದಾರಿ ಮುಗೀತು," ಎಂದಳು. ಬಟ್ಟೆಯನ್ನೂ ಸೂಟ್‌ಕೇಸಿಗೆ ತುಂಬಿದಳು.

ಭುಜ ನೋಡಿದ ಮೂಳೆ ಡಾಕ್ಟರು ನರದ ಡಾಕ್ಟರ ಬಳಿ ಕಳಿಸಿದರು. ಆಕೆ ಭುಜವನ್ನು ಮುಟ್ಟಲೂ ಇಲ್ಲ. ಹೆಬ್ಬೆರಳಿಗೆ ತೋರುಬೆರಳು ಬಡಿಯಿರಿ ಎಂದರು. ಬಲಗೈ ಬೇಗ ಸೋತಿತು. ಬಾಗಿಲ ತನಕ ನಡೆಯಿರಿ ಎಂದರು. ಎಡಗೈ ಬೀಸಿತು, ಬಲಗೈ ಬೀಸಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇವರು ನಗೋದು ಯಾವಾಗಿಂದ ಕಮ್ಮಿಯಾಯ್ತಮ್ಮ?" ಎಂದು ಕೇಳಿದರು.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯೋ, ಡಾಕ್ಟರಿಗೂ ಚಾಡಿ ಹೇಳಿಬಿಟ್ರಾ?" ಎಂದು ಗಂಡನತ್ತ ತಿರುಗಿದಳು.

"ಯಾರೂ ಹೇಳಿಲ್ಲ, ಕೂತ್ಕೊಳ್ಳಿ," ಎಂದರು ಡಾಕ್ಟರು. "ಇದು ಪಾರ್ಕಿನ್ಸನ್ಸ್ ಅಂತ ಒಂದು ಕಾಯಿಲೆ. ನೋಡಿ, ನಮ್ಮ ಮೈಯಲ್ಲಿರೋ ಒಂದೊಂದು ಜೀವಕೋಶದಲ್ಲೂ ಪ್ರೋಟೀನ್ ತಯಾರಾಗ್ತಾ ಇರುತ್ತೆ. ಹಳೇದಾಗುತ್ತೆ, ಸೊಟ್ಟಗಾಗುತ್ತೆ. ಅಂಥದ್ದನ್ನ ಹುಡುಕಿ, ಒಡೆದು, ಚೂರು ಮಾಡಿ ಮತ್ತೆ ಬಳಸೋ ವ್ಯವಸ್ಥೆ ಅಲ್ಲೇ ಒಳಗಿದೆ. ಅದು ಸರಿಯಾಗಿ ನಡೀದೇ ಹೋದ್ರೆ ಕೆಟ್ಟ ಪ್ರೋಟೀನ್ ಕೋಶದೊಳಗೇ ಉಳಿದು ಗಂಟು ಕಟ್ಟುತ್ತೆ."

"ಗಂಟಾ?"

"ಹೌದು, ಗಂಟು. ಕಣ್ಣಿಗೆ ಕಾಣದಷ್ಟು ಸಣ್ಣದು. ಮಿದುಳಲ್ಲಿ ನಮ್ಮ ಚಲನೆ ನೋಡ್ಕೊಳ್ಳೋ ಕೋಶಗಳು ಹೀಗೇ ಒಂದೊಂದಾಗಿ ಸೋಲ್ತವೆ. ಕೈ ನಿಧಾನ ಆಗುತ್ತೆ, ದನಿ ಇಳಿಯುತ್ತೆ, ಮುಖ ಬಿಗಿಯುತ್ತೆ. ಒಳಗೆ ನಗು ಇದ್ರೂ ಮುಖಕ್ಕೆ ಬರಲ್ಲ. ಪೂರ್ತಿ ವಾಸಿ ಮಾಡೋಕಾಗಲ್ಲ, ಆದ್ರೆ ಮಾತ್ರೆಯಿಂದ ಬಹಳಷ್ಟು ಸಡಿಲ ಆಗುತ್ತೆ."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಡಾಕ್ಟ್ರೇ, ಯಾರಾದ್ರೂ ಏನಾದ್ರೂ ಅಂದ್ರೆ... ಮಾತಿಗೆ... ಹೀಗಾಗುತ್ತಾ?"

"ಯಾರ ಮಾತಿಂದಾನೂ ಇದು ಬರಲ್ಲಮ್ಮ."

ಅವಳಿಗೆ ಸಂತೋಷವಾಯಿತು. ಎದೆಯ ಮೇಲಿನ ಬೀಸುವ ಕಲ್ಲನ್ನು ಯಾರೋ ಎತ್ತಿಟ್ಟಷ್ಟು ಸಂತೋಷ. ಮರುಕ್ಷಣವೇ, ಗಂಡನಿಗೆ ವಾಸಿಯಾಗದ ಕಾಯಿಲೆ ಎಂದು ಕೇಳಿ ಹಿಗ್ಗಿದ ತನ್ನ ಮೇಲೆಯೇ ಅಸಹ್ಯವಾಗಿ, ಡಾಕ್ಟರ ಮುಂದೆಯೇ ಅತ್ತುಬಿಟ್ಟಳು.

ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ತಂಗಿಗೆ ಫೋನ್ ಮಾಡಿದಳು. "ಬರಲ್ಲ ಕಣೇ. ನಿನ್ನ ಭಾವಂಗೆ ನನ್ನ ಮೇಲೆ ಕೋಪ ಇಲ್ವಂತೆ."

"ಯಾರು ಹೇಳಿದ್ರು, ಭಾವಾನಾ?"

"ಅವರು ಆಗಿಂದ ಹೇಳ್ತಾನೇ ಇದ್ರು. ಈಗ ಡಾಕ್ಟ್ರು ಹೇಳಿದ್ರು."

ಫೋನ್ ಇಟ್ಟು ಅವನ ಕಡೆ ನೋಡಿದಳು. ಅವನು ಮಾತ್ರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದ.

"ಅವತ್ತು ಅಕ್ಕನ ಮನೇಲಿ ನಾನು ಅಂದಿದ್ದು... ನಿಮಗೆ ಬೇಜಾರಾಗ್ಲಿಲ್ವಾ?"

"ಆಯ್ತು. ಎರಡು ದಿನ. ಆಮೇಲೆ ಮರ್ತೇಬಿಟ್ಟೆ. ನೀನೇ ಅದನ್ನ ಇಷ್ಟು ದಿನ ಸಾಕ್ಕೊಂಡು ಬಂದಿದ್ದೀಯ."

"ಸೂಟ್‌ಕೇಸ್ ತುಂಬಿದ್ದು ನೋಡಿದ್ರಿ. ಒಂದು ಮಾತು ಹೇಳಿ ತಡೀಬಾರದಿತ್ತಾ?"

"ಹೆದರಿಕೆ ಆಯ್ತು. ತಡೆದ್ರೆ ಈ ಮುಖ ನೋಡಿ ಇನ್ನೂ ಬೇಗ ಹೊರಟ್ಬಿಡ್ತೀಯೇನೋ ಅಂತ." ಅವಳತ್ತ ತಿರುಗಿ ಅವನೇ ಕೇಳಿದ, "ಈಗ ನಗ್ತಾ ಇದ್ದೀನಿ. ಕಾಣ್ತಾ ಇದೆಯಾ?"

ಊರವರ ಮುಖವನ್ನೆಲ್ಲ ದೊಡ್ಡದು ಮಾಡಿ ಕಲೆ ಹುಡುಕುವವಳು ಅವನ ಮುಖವನ್ನು ಅಷ್ಟೇ ಹತ್ತಿರದಿಂದ ನೋಡಿದಳು. ಕೆನ್ನೆ, ತುಟಿ, ಕಣ್ಣಿನ ಅಂಚು, ಯಾವುದೂ ಅಲುಗಿರಲಿಲ್ಲ.

"ಇಲ್ಲ ರೀ," ಎಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕಾಣಲ್ಲ. ನಕ್ಕಾಗೆಲ್ಲ ಹೇಳ್ಬಿಡಿ."

ಸಂಜೆ ಸ್ಟುಡಿಯೋ ತೆಗೆದರು. ಒಬ್ಬ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಮಗು ಸ್ಟುಡಿಯೋ ದೀಪಕ್ಕೆ ಸಿಕ್ಕಿಸಿದ ಬಿಳಿ ಕೊಡೆಗೆ ಒಂದೇ ಸಮನೆ ಏನೋ ಉಪದೇಶ ಮಾಡುತ್ತಿತ್ತು. ಹೆಂಡತಿ ಒಳಗೆ ಯಾರದೋ ಹಣೆಯ ಕಲೆ ಅಳಿಸುತ್ತಿದ್ದಳು. ಹೊರಗಿನಿಂದ ಸಣ್ಣ ದನಿ ಬಂತು.

"ಲೇ."

"ಏನ್ರೀ?"

ಅವನು ಹೇಳಿದ್ದು ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಎದ್ದು ಫ್ಯಾನ್ ಆರಿಸಿದಳು.

"ಏನಂದ್ರಿ?"

"ನಕ್ಕೆ."

"ಹ್ಞೂಂ," ಎಂದು ಅವಳು ಮತ್ತೆ ಕೂತಳು. ಅವಳ ಹಣೆಯ ಮೇಲೆ ಬೆವರು ಒಡೆಯುತ್ತಿತ್ತು. ಫ್ಯಾನ್ ಹಾಕಲಿಲ್ಲ.