ಸನ್ಮಾನ ಮುಗಿಯುವ ತನಕ ಹಿಡಿದಿಟ್ಟ ಜೀವ

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಸನ್ಮಾನವಿಲ್ಲದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಹೊಸ ಕುರ್ಚಿ ಬಂದರೂ ಶಾಲು, ಹಳೆಯ ಪ್ರಿನ್ಸಿಪಾಲರು ಹೋದರೂ ಶಾಲು. ಹೀಗಿರುವಾಗ ಕಾಲೇಜಿನ ಅಧ್ಯಕ್ಷ ಹೊನ್ನೂರಸ್ವಾಮಿಯವರೇ ನನ್ನ ಪ್ರಯೋಗ ನೋಡಲು ಬರುತ್ತಾರೆಂದರೆ ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಬರಲೇಬೇಕಿತ್ತು. ನನಗೆ ಬೇಕಾಗಿದ್ದು ಮಾತ್ರ ಹೊಸ ಲೇಸರ್. ಅವರು ಹೂಂ ಅನ್ನದಿದ್ದರೆ ನನ್ನ ಪಿಎಚ್‌.ಡಿ. ಅಲ್ಲಿಗೇ ಮುಗಿದಂತೆ.

ನನ್ನ ಕೆಲಸ ಇಷ್ಟು. ಸಿರುಗುಪ್ಪದ ಕಡೆ ದೇಶನೂರಿನ ಭತ್ತದ ಗದ್ದೆಯ ನೀರಿನಲ್ಲಿ ಒಂದು ಪಾಚಿಯಿದೆ. ಒಂದೇ ಜೀವಕೋಶ, ಬರಿಗಣ್ಣಿಗೆ ಕಾಣುವುದಿಲ್ಲ. ಕೂದಲಿನಂಥ ಎರಡು ಬಾಲ ಬಡಿಯುತ್ತಾ ಈಜುತ್ತದೆ. ಮೈಕ್ರೊಸ್ಕೋಪಿನಲ್ಲಿ ಲೇಸರ್ ಬೆಳಕನ್ನು ಒಂದು ಬಿಂದುವಿಗೆ ಕೂಡಿಸಿದರೆ ಆ ಕೋಶ ಅಲ್ಲೇ ಸಿಕ್ಕಿಬೀಳುತ್ತದೆ. ಬಿಡಿಸಿಕೊಳ್ಳಲು ಅದು ಎಷ್ಟು ಬಲ ಹಾಕುತ್ತದೆಂದು ನಾನು ಅಳೆಯುತ್ತೇನೆ. ತೊಂದರೆಯೆಂದರೆ ನಮ್ಮದು ಕೆಂಪು ಲೇಸರ್. ಪಾಚಿಗೆ ಬೆಳಕೇ ಊಟ, ಕೆಂಪು ಬೆಳಕಂತೂ ಬಹಳ ಇಷ್ಟ. ಆದರೆ ಈ ಲೇಸರ್ ಮದುವೆ ಮನೆಯಲ್ಲಿ ಬಡಿಸುವವರಂತೆ, ಸಾಕು ಅಂದರೂ ಬಿಡುವುದಿಲ್ಲ. ಕೋಶದೊಳಗೆ ಬಿಸಿಯೇರಿ, ವಿಷ ಹುಟ್ಟಿ, ಸ್ವಲ್ಪ ಹೊತ್ತಿಗೇ ಅದು ಸಾಯುತ್ತದೆ. ನಾನು ಅಳೆದದ್ದು ಬದುಕಿನ ಬಲವೋ ಸಾವಿನ ಒದ್ದಾಟವೋ ನನಗೇ ಗೊತ್ತಾಗುತ್ತಿರಲಿಲ್ಲ. ಇನ್‌ಫ್ರಾರೆಡ್ ಲೇಸರ್ ಆದರೆ ಕೋಶ ಆ ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ, ಬದುಕಿರುತ್ತದೆ.

ಅಧ್ಯಕ್ಷರು ಬಂದು ಕೂತ ಮೇಲೆ ಒಂದು ಕೋಶ ಹಿಡಿದು, ಅದು ಸೋಲುವುದನ್ನು ಪರದೆಯ ಮೇಲೆ ತೋರಿಸಿ ಹೊಸ ಲೇಸರ್ ಕೇಳಬೇಕೆಂದುಕೊಂಡಿದ್ದೆ. ನನ್ನ ಗೈಡ್ ಶೇಖರ್ ಸರ್ ಒಪ್ಪಲಿಲ್ಲ.

"ದೊಡ್ಡೋರು ಬಂದ ಮ್ಯಾಲೆ ಹುಡುಕಿಕೋತ ಕುಂದ್ರತಿಯೇನಮ್ಮ ಅಕ್ಷಿತಾ? ಮೊದಲಽ ಹಿಡಿದಿಡು. ಬಂದ ಕೂಡ್ಲೆ ಪರದೆ ಮ್ಯಾಲೆ ಕಾಣಬೇಕು."

"ಅಲ್ಲಿಮಟ ಇರಂಗಿಲ್ರಿ ಸರ್, ಸಾಯ್ತೈತಿ."

"ಕುರುಗೋಡು ಬಿಟ್ಟು ಭಾಳ ಹೊತ್ತಾತಂತ. ಬಂದೇಬಿಟ್ರು ಅನ್ಕೋ."

ಕುರುಗೋಡಿನಲ್ಲಿ ಅವರಿಗೆ ಬೆಳಿಗ್ಗೆಯೇ ಒಂದು ಸನ್ಮಾನವಾಗಿತ್ತು. ಕಾರು ಗೇಟಿನೊಳಗೆ ಬಂದಾಗ ನಾನು ಕೋಶ ಹಿಡಿದೆ. ಕಾರ್ಯಕ್ರಮ ಪ್ರಯೋಗಾಲಯದಲ್ಲೇ ಶುರುವಾಯಿತು. ಹೇಮಾ ಮೇಡಂ ಪ್ರಾರ್ಥನೆ ಹಾಡುವಾಗ ಪಾಚಿ ಚೆನ್ನಾಗಿ ಬಾಲ ಬಡಿಯುತ್ತಿತ್ತು. ಸ್ವಾಗತ ಭಾಷಣದ ಹೊತ್ತಿಗೆ ನಿಧಾನವಾಯಿತು. ಶಾಲು ಹೊದಿಸುವಾಗ ಒಂದು ಬಾಲ ನಿಂತಿತು. ಲೇಸರ್ ಆರಿಸಲು ಕೈ ಚಾಚಿದೆ. ಸರ್ ಕಣ್ಣು ಕೆಂಪಗೆ ಮಾಡಿದರು. ಅಧ್ಯಕ್ಷರ ಸೇವೆಗಳನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದೂ ನಿಂತಿತು.

ಅಧ್ಯಕ್ಷರು ಪೇಟ ಸರಿಮಾಡಿಕೊಂಡು ಪರದೆ ನೋಡಿದರು.

"ಎಷ್ಟು ಶಾಂತ ಕುಂತೈತಿ ನೋಡ್ರಿ. ನಮ್ಮ ಹುಡುಗ್ರು ಕ್ಲಾಸಿನ್ಯಾಗ ಹಿಂಗ ಕುಂತ್ರ ಸಾಕಿತ್ತು."

ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ.

"ಅದು ಸತ್ತೈತ್ರಿ ಸರ್. ಬೆಳಕಿನ ಕಾವಿಗೆ ಸತ್ತೈತಿ."

"ಬಳ್ಳಾರಿ ಬಿಸಿಲಿಗೆ ಮಂದಿನಽ ಒಣಗಿ ಹೊಂಟಾರ, ಅದೇನು ತಡಕಂತತಿ," ಅಂದರು ಅಧ್ಯಕ್ಷರು ಕನಿಕರದಿಂದ. "ಹೋಗ್ಲಿ ಬಿಡವ್ವ, ಇನ್ನೊಂದು ಹಿಡಿ."

ಹಿಡಿದೆ. ಇದು ಗಟ್ಟಿ ಜೀವ, ಜೋರಾಗಿ ಒದ್ದಾಡಿತು.

"ಇದು ಬದುಕೈತ್ರಿ. ಈಗ ಬಿಟ್ರ ಉಳೀತೈತಿ, ಹಿಡಕೊಂಡಽ ಇದ್ರ ಸಾಯ್ತೈತಿ. ಅದಕ್ಕಽ ಇನ್‌ಫ್ರಾರೆಡ್ ಲೇಸರ್ ಕೇಳಾಕತ್ತೀನ್ರಿ. ಆ ಬೆಳಕು ಕಣ್ಣಿಗೆ ಕಾಣಂಗಿಲ್ಲ, ಇದಕ್ಕ ಅಷ್ಟು ತ್ರಾಸೂ ಕೊಡಂಗಿಲ್ಲ."

ಮಾತಾಡುತ್ತಿದ್ದಂತೆ ಬಾಲದ ಬಡಿತ ಇಳಿಯತೊಡಗಿತು. ಒಬ್ಬರ ಸನ್ಮಾನಕ್ಕೆ ಎರಡು ಜೀವ ಯಾಕೆ ಎಂದು ಸಿಟ್ಟು ಬಂತು. ಸರ್ ಕಡೆ ನೋಡದೆ ಲೇಸರ್ ಆರಿಸಿಬಿಟ್ಟೆ. ಕೋಶ ಅಲ್ಲೇ ಸ್ವಲ್ಪ ತಡವರಿಸಿತು. ಆಮೇಲೆ ಎರಡೂ ಬಾಲ ಬಡಿದು ಪರದೆಯಿಂದ ಆಚೆಗೆ ಈಜಿಕೊಂಡು ಹೋಯಿತು. ಇಷ್ಟು ವರ್ಷದಲ್ಲಿ ಇಷ್ಟು ಚೆಂದದ ಪ್ರಯೋಗ ನಾನು ಮಾಡಿರಲಿಲ್ಲ. ನಿಜಕ್ಕೂ ಖುಷಿಯಾಯಿತು.

ಖಾಲಿ ಪರದೆ ನೋಡಿ ಅಧ್ಯಕ್ಷರ ಮುಖ ಗಂಭೀರವಾಯಿತು.

"ಓಡಿ ಹೋತಲ್ರಿ ಶೇಖರ್."

"ನಾನಽ ಬಿಟ್ಟೆನ್ರಿ ಸರ್," ಅಂದೆ.

"ಇರ್ಲಿ ಬಿಡವ್ವ, ಮಷೀನಿನ ತಪ್ಪು ನಿನ್ನ ಮ್ಯಾಲೆ ಹಾಕ್ಕೋಬ್ಯಾಡ. ಮೊದಲಿಂದು ಹೆಂಗ ಗಟ್ಟಿ ಹಿಡಿದಿತ್ತು! ಎರಡನೇದಕ್ಕಽ ಸೋತೈತಿ ಅಂದ್ರ ಮಷೀನ್ ಹಳೇದಾಗೈತಿ. ಹೊಸಾದು ತರಿಸ್ರಿ ಶೇಖರ್. ಆ ಕಣ್ಣಿಗೆ ಕಾಣದ್ದು ಬ್ಯಾಡ, ನಾಳೆ ಆಡಿಟಿನವರು ಬಂದು ಎಲ್ಲೈತಿ ತೋರಿಸ್ರಿ ಅಂದ್ರ ಏನು ತೋರಿಸ್ತೀರಿ? ಕೆಂಪಂದಽ ಇರ್ಲಿ. ಇದಕ್ಕಿಂತ ಜೋರಿಂದು."

ಚಪ್ಪಾಳೆ ಬಿತ್ತು. ಸರ್ ನನ್ನ ಕಿವಿಯ ಹತ್ತಿರ ಬಾಗಿದರು.

"ಹೊಸ ಲೇಸರ್ ಬೇಕಂದಿದ್ದಿ, ಸಿಕ್ತಲ್ಲ. ವಂದನಾರ್ಪಣೆ ನೀನಽ ಮಾಡು."

ಮೈಕು ಹಿಡಿದು ಅಧ್ಯಕ್ಷರಿಗೆ, ಸರ್‌ಗೆ, ಹಾಡಿದ ಹೇಮಾ ಮೇಡಂಗೆ, ಹಣ್ಣಿನ ಬುಟ್ಟಿ ತಂದವರಿಗೆ ಒಬ್ಬೊಬ್ಬರಿಗೂ ವಂದನೆ ಹೇಳಿದೆ. ಹೊಸ ಲೇಸರ್ ಬಂದ ಮೇಲೆ ಕೋಶಗಳು ಪ್ರಾರ್ಥನೆ ಮುಗಿಯುವ ಮೊದಲೇ ಸಾಯುತ್ತವೆ ಎಂದೂ ಹೇಳಿದೆ. ಅಷ್ಟು ಹೊತ್ತಿಗೆ ಎಲ್ಲರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಟ್ಟಿದ್ದ ಪಕ್ಕದ ಕೋಣೆಗೆ ಎದ್ದು ಹೋಗಿದ್ದರು.